ಹದಿನೈದು ರೂಪಾಯಿಯ ತಂಡ, ಲಕ್ಷ ರೂಪಾಯಿಯ ಹರಾಜು

ನಮ್ಮ ಊರುಗಳ ಲೀಗ್ ಪಂದ್ಯಾಟಗಳಲ್ಲಿ ನಡೆಯುವ ಆಟಗಾರರ ಹರಾಜು ನಿಲ್ಲಬೇಕು. ಪಂದ್ಯಾಟ ನಿಲ್ಲಲಿ ಎಂದು ನಾನು ಹೇಳುತ್ತಿಲ್ಲ. ಹುಡುಗರು ಆಡಲಿ, ರಾತ್ರಿ ಫ್ಲಡ್‌ಲೈಟ್ ಹಾಕಿ ಆಡಲಿ, ಬೆಳಗಿನ ಜಾವದವರೆಗೂ ಆಡಲಿ. ಆದರೆ ಹಾಲ್ ಬಾಡಿಗೆಗೆ ಹಿಡಿದು, ವೇದಿಕೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ಒಬ್ಬ ಐಕಾನ್ ಆಟಗಾರನಿಗೆ ತಂಡದ ಅರ್ಧ ಹಣ ಸುರಿಯುವ ಈ ಚಟಕ್ಕೆ ಕ್ರೀಡೆ ಎಂದು ಹೆಸರಿಡಬೇಡಿ ಎನ್ನುತ್ತಿದ್ದೇನೆ. ಬ್ಯಾರಿಗಳ ಹೆಸರಿನಲ್ಲಿ ಊರಿನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲಿ ನಡೆಯುತ್ತದೆ, ದುಬೈ, ಜುಬೈಲ್‌ಗಳಲ್ಲೂ ನಡೆಯುತ್ತದೆ. ಎಲ್ಲ ಕಡೆ ಕಥೆ ಒಂದೇ. ಜೆರ್ಸಿ ಬಿಡುಗಡೆಗೆ ಒಂದು ಕಾರ್ಯಕ್ರಮ, ಟ್ರೋಫಿ ಅನಾವರಣಕ್ಕೆ ಇನ್ನೊಂದು. ಟ್ರೋಫಿಯೋ, ಗೆದ್ದ ಹುಡುಗನಿಗಿಂತ ಎತ್ತರ. ಪಟ್ಟಿಯ ಕೊನೆಯಲ್ಲಿ ಉಳಿಯುವವರು ನಮ್ಮದೇ ಮೊಹಲ್ಲಾದ ಮಕ್ಕಳು. ಅವರಿಗೆ ಮೂಲಬೆಲೆ, ಒಂದು ಜೆರ್ಸಿ, ಬೌಂಡರಿಯಲ್ಲಿ ಒಂದು ಜಾಗ.

ಹರಾಜೆಂದರೆ ಏನೆಂದು ತಿಳಿಯದವನು ಮಾತಾಡುತ್ತಿದ್ದಾನೆ ಎನ್ನಬೇಡಿ. ಹದಿನಾರು ವರ್ಷಗಳಿಂದ ನನ್ನ ಅನ್ನ ಹುಟ್ಟುವುದೇ ಹರಾಜಿನಲ್ಲಿ. ಆಂಧ್ರದ ಹಿಂದೂಪುರದಲ್ಲಿ ಹುಣಸೆಹಣ್ಣು ಖರೀದಿಸಿ ಮಂಗಳೂರು ಬಂದರಿನ ಅಂಗಡಿಗಳಿಗೆ ಕಳಿಸುವುದು ನನ್ನ ವ್ಯಾಪಾರ. ಇಲ್ಲಿನ ಮಾರುಕಟ್ಟೆಯಲ್ಲಿ ಹುಣಸೆಗೆ ಎರಡು ಹೆಸರು: ಕರಿಪುಳಿ ಮತ್ತು ಫ್ಲವರ್. ಕರಿಪುಳಿಗೆ ರೇಟು ಹೆಚ್ಚು, ಫ್ಲವರ್‌ಗೆ ಕಡಿಮೆ. ಹೊಸದಾಗಿ ಬಂದ ವ್ಯಾಪಾರಿ ಮೊದಲ ದಿನವೇ ಕೈಯಲ್ಲಿದ್ದ ಹಣವನ್ನೆಲ್ಲ ಎರಡು ಲಾಟು ಒಳ್ಳೆಯ ಕರಿಪುಳಿಗೆ ಹಾಕಿ, ಮೀಸೆ ತಿರುವಿ, ಸಂಜೆಗೆ ಲಾರಿ ಅರ್ಧ ಖಾಲಿ ಕಳಿಸುತ್ತಾನೆ. ಬಾಡಿಗೆ ಮಾತ್ರ ಪೂರ್ತಿ ಲಾರಿಯದ್ದು. ಹಳಬರು ಹಾಗೆ ಮಾಡುವುದಿಲ್ಲ. ಗೋಣಿಯೊಳಗೆ ಕೈ ಹಾಕಿ, ತಿರುಳು ಹಿಸುಕಿ, ಯಾರೂ ಕೂಗದ ಲಾಟಿನಲ್ಲಿ ಏನಿದೆ ಎಂದು ನೋಡುತ್ತಾರೆ. ನಮ್ಮ ಲೀಗ್ ಕಮಿಟಿಗಳು ಆ ಮೊದಲ ದಿನದ ವ್ಯಾಪಾರಿಯ ಹಾಗೆ ವರ್ಷ ವರ್ಷವೂ ಲಾರಿ ಅರ್ಧ ಖಾಲಿ ಕಳಿಸುತ್ತಿವೆ.

ಈ ಮಾತನ್ನು ಹೇಳಲು ಬಾಸ್ಕೆಟ್‌ಬಾಲ್‌ನ ದಾರಿ ಹಿಡಿಯುತ್ತೇನೆ. ಕ್ರಿಕೆಟ್ ಎಂದ ಕೂಡಲೇ ನಮ್ಮಲ್ಲಿ ಎಲ್ಲರೂ ಪಂಡಿತರು, ಮಾತು ಮುಂದೆ ಹೋಗುವುದಿಲ್ಲ.

ಬಾಸ್ಕೆಟ್‌ಬಾಲ್ ಹುಚ್ಚು ಇರುವ ಮಕ್ಕಳು ಆಡುವ ಒಂದು ಆಟವಿದೆ. ನನಗೆ ಕಲಿಸಿದ್ದು ತಂಗಿಯ ಮಗ. ನಿಮ್ಮ ಕೈಯಲ್ಲಿ 15 ರೂಪಾಯಿ. ಅಂಗಳದಲ್ಲಿ ಐದು ಜಾಗ: ಇಬ್ಬರು ಗಾರ್ಡ್, ಇಬ್ಬರು ಫಾರ್ವರ್ಡ್, ಒಬ್ಬ ಸೆಂಟರ್. ಪ್ರತಿ ಜಾಗಕ್ಕೂ ಐದು ಜನರ ಸಾಲು, ಬೆಲೆ 5 ರೂಪಾಯಿಯಿಂದ 1 ರೂಪಾಯಿಯವರೆಗೆ. ಈಗಿನವರು, ತೀರಿಹೋದವರು, ಎಲ್ಲ ಕಾಲದವರೂ ಸಾಲಿನಲ್ಲಿದ್ದಾರೆ. 15 ರೂಪಾಯಿ ಮೀರದೆ ಐವರನ್ನು ಆರಿಸಬೇಕು. ಲೆಕ್ಕ ಸುಲಭ, ತಲಾ ಮೂರು ರೂಪಾಯಿ. ಆದರೆ ಮೂರು ಮೂರರಂತೆ ಹಂಚುವವರು ಯಾರೂ ಇಲ್ಲ.

ನಾವಿಬ್ಬರೂ ಕೂತು ಬೆಲೆಪಟ್ಟಿ ಬರೆದೆವು. ಅಳಿಯ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೈಕೆಲ್ ಜೋರ್ಡಾನ್‌ಗೆ 5, ಲೆಬ್ರಾನ್ ಜೇಮ್ಸ್‌ಗೆ 5 ಕೊಟ್ಟುಬಿಟ್ಟ. ಹತ್ತು ರೂಪಾಯಿ ಹೋಯಿತು. ಉಳಿದ ಐದರಲ್ಲಿ ಮೂವರು ಬರಬೇಕು. ಎರಡು, ಎರಡು, ಒಂದು ಎಂದು ಮುಗಿಸಿದ. ಅರ್ಧ ಗಂಟೆ ಬಿಟ್ಟು ಕೇಳಿದರೆ ಆ ಮೂವರ ಹೆಸರು ಅವನಿಗೇ ನೆನಪಿರಲಿಲ್ಲ. "ಮಾಮ, ಗೆಲ್ಲಿಸುವವರು ಇಬ್ಬರು ಇದ್ದಾರಲ್ಲ" ಎಂದ. ಇದೇ ಮಾತನ್ನು ನಾನು ಎಷ್ಟು ಹರಾಜು ವೇದಿಕೆಗಳಲ್ಲಿ ಕೇಳಿದ್ದೇನೆ!

ನನ್ನ ತಂಡ ಹೀಗಿತ್ತು. ಪಾಯಿಂಟ್ ಗಾರ್ಡ್ ಜಾನ್ ಸ್ಟಾಕ್‌ಟನ್, 2 ರೂಪಾಯಿ. ಒಂದೇ ತಂಡ ಯೂಟಾ ಜಾಝ್‌ಗೆ 19 ಸೀಸನ್ ಆಡಿದವನು. ಬೇರೆಯವರಿಗೆ ಅಂಕ ಸಿಗುವ ಹಾಗೆ ಚೆಂಡು ಕೊಟ್ಟದ್ದು 15,806 ಸಲ, ಎದುರಾಳಿಯ ಕೈಯಿಂದ ಕಿತ್ತದ್ದು 3,265 ಸಲ. ಎರಡೂ ಎನ್‌ಬಿಎ ದಾಖಲೆಗಳು, ಯಾರೂ ಮುರಿದಿಲ್ಲ. ಚಾಂಪಿಯನ್ ಪಟ್ಟ ಒಂದೂ ಇಲ್ಲ ಎಂಬ ಕಾರಣಕ್ಕೆ ಅಗ್ಗ. ಎರಡನೇ ಗಾರ್ಡ್ ಅರ್ಜೆಂಟೀನಾದ ಮನು ಜಿನೊಬಿಲಿ, 1 ರೂಪಾಯಿ. 1999ರ ಡ್ರಾಫ್ಟ್‌ನಲ್ಲಿ 58 ಜನರಲ್ಲಿ 57ನೆಯವನಾಗಿ ಬಂದವನು. ಬೆಂಚಿನಿಂದ ಎದ್ದು ಬಂದು ಆಡಲು ಒಪ್ಪಿಕೊಂಡವನು, ನಾಲ್ಕು ಪಟ್ಟ ಗೆದ್ದವನು. ಫಾರ್ವರ್ಡ್ ಸ್ಕಾಟಿ ಪಿಪ್ಪೆನ್, 3 ರೂಪಾಯಿ. ಜೋರ್ಡಾನ್ ಪಕ್ಕದಲ್ಲಿ ಆರು ಪಟ್ಟ ಗೆದ್ದರೂ 1997–98ರಲ್ಲಿ ತನ್ನದೇ ತಂಡದಲ್ಲಿ ಸಂಬಳದ ಪಟ್ಟಿಯಲ್ಲಿ ಆರನೆಯವನಾಗಿದ್ದವನು. ಇನ್ನೊಬ್ಬ ಫಾರ್ವರ್ಡ್ ಟಿಮ್ ಡಂಕನ್. ಇವನಿಗೆ ಮಾತ್ರ ಪೂರ್ತಿ 5 ಕೊಟ್ಟೆ. ಸೆಂಟರ್ ಹಕೀಮ್ ಒಲಾಜುವಾನ್, 4 ರೂಪಾಯಿ. ಕೂಡಿಸಿ ನೋಡಿ, ಹದಿನೈದಕ್ಕೆ ಹದಿನೈದು.

ಹಕೀಮ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ನನ್ನ ಉಮ್ಮ ಒಪ್ಪುವುದಿಲ್ಲ. ನೈಜೀರಿಯಾದ ಲಾಗೋಸ್‌ನ ಹುಡುಗ. ಮೊದಲು ಹ್ಯಾಂಡ್‌ಬಾಲ್ ಮತ್ತು ಫುಟ್‌ಬಾಲ್ ಗೋಲ್‌ಕೀಪರ್. ಬಾಸ್ಕೆಟ್‌ಬಾಲ್ ಮುಟ್ಟಿದ್ದು ಹದಿಹರೆಯದಲ್ಲಿ. 1995ರ ಫೆಬ್ರವರಿಯಲ್ಲಿ ರಂಝಾನ್ ಬಂದಾಗ ಉಪವಾಸ ಹಿಡಿದೇ ಪಂದ್ಯಗಳನ್ನು ಆಡಿದ. ಆ ತಿಂಗಳ ಅತ್ಯುತ್ತಮ ಆಟಗಾರನ ಗೌರವ ಅವನಿಗೇ ಬಂತು. ಅದೇ ವರ್ಷ ಅವನ ಹ್ಯೂಸ್ಟನ್ ರಾಕೆಟ್ಸ್ ತನ್ನ ವಿಭಾಗದಲ್ಲಿ ಆರನೇ ಸ್ಥಾನದಿಂದ ಹೊರಟು ಪಟ್ಟ ಗೆದ್ದಿತು. ಅಷ್ಟು ಕೆಳಗಿನಿಂದ ಹೊರಟು ಗೆದ್ದ ತಂಡ ಇನ್ನೊಂದಿಲ್ಲ. ಎದುರಾಳಿಯ ಎಸೆತಗಳನ್ನು ಗಾಳಿಯಲ್ಲೇ ತಡೆದದ್ದು 3,830 ಸಲ, ಅದೂ ದಾಖಲೆಯೇ.

ಅಳಿಯ ಬಿಡಲಿಲ್ಲ. ಇಬ್ಬರು ಎತ್ತರದವರನ್ನು ಒಟ್ಟಿಗೆ ನಿಲ್ಲಿಸಿದರೆ ಅಂಗಳ ಇಕ್ಕಟ್ಟಾಗುತ್ತದೆ, ಈಗಿನ ಕಾಲದಲ್ಲಿ ಮೂರು ಪಾಯಿಂಟ್ ಎಸೆಯುವವರು ಬೇಕು ಎಂದು ವಾದಿಸಿದ. 1999ರಲ್ಲಿ ಇದೇ ಡಂಕನ್, ಡೇವಿಡ್ ರಾಬಿನ್ಸನ್ ಎಂಬ ಇನ್ನೊಬ್ಬ ಎತ್ತರದವನ ಜೊತೆ ನಿಂತೇ ಪಟ್ಟ ಗೆದ್ದ ಎಂದೆ. ಅದು ಹಳೆಯ ಕಾಲ ಎಂದ. ಇರಲಿ. ಐವರಲ್ಲಿ ಒಬ್ಬನೂ ಬರಿಯ ಲೆಕ್ಕ ತುಂಬಲು ಬಂದವನಲ್ಲ ಎಂಬುದನ್ನು ಮಾತ್ರ ಅವನೂ ಅಲ್ಲಗಳೆಯಲಿಲ್ಲ.

ಇದು ಕಾಗದದ ಆಟವಾಯಿತು, ನಿಜವಾದ ಅಂಗಳದಲ್ಲಿ ಏನಾಗುತ್ತದೆ ಎಂದು ಕೇಳುವವರಿಗೆ ಚರಿತ್ರೆ ಇದೆ. 1961–62ರ ಸೀಸನ್‌ನಲ್ಲಿ ವಿಲ್ಟ್ ಚೇಂಬರ್ಲಿನ್ ಎಂಬ ದೈತ್ಯ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದ. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ ನೂರು ಅಂಕ. ಇಂದಿಗೂ ಯಾರೂ ಆ ನೂರನ್ನು ಮುಟ್ಟಿಲ್ಲ. ಅವತ್ತು ಹರಾಜು ಇದ್ದಿದ್ದರೆ ನಮ್ಮ ಕಮಿಟಿಗಳು ಪೂರ್ತಿ ಚೀಲವನ್ನು ಅವನ ತಲೆಯ ಮೇಲೆ ಸುರಿಯುತ್ತಿದ್ದವು. ಆ ವರ್ಷ ಪಟ್ಟ ಯಾರದು? ಬಿಲ್ ರಸೆಲ್‌ನ ಬೋಸ್ಟನ್ ಸೆಲ್ಟಿಕ್ಸ್‌ನದು. ವರ್ಷದ ಶ್ರೇಷ್ಠ ಆಟಗಾರ ಯಾರು? ಅದೂ ರಸೆಲ್. ಅವನು ಅಂಕ ಗಳಿಸುವುದರಲ್ಲಿ ವಿಲ್ಟ್‌ನ ಹತ್ತಿರಕ್ಕೂ ಬರುವವನಲ್ಲ. ಚೆಂಡು ತಡೆಯುತ್ತಿದ್ದ, ರಿಬೌಂಡ್ ಹಿಡಿಯುತ್ತಿದ್ದ, ಜೊತೆಗಾರನಿಗೆ ಕೊಡುತ್ತಿದ್ದ. 13 ಸೀಸನ್‌ಗಳಲ್ಲಿ 11 ಪಟ್ಟ.

ಇನ್ನೂ ಹತ್ತಿರದ್ದು ಬೇಕೆ? 2004ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡದಲ್ಲಿ ಶಕೀಲ್ ಓನೀಲ್, ಕೋಬಿ ಬ್ರಯಾಂಟ್, ಕಾರ್ಲ್ ಮಲೋನ್, ಗ್ಯಾರಿ ಪೇಟನ್ ನಾಲ್ವರೂ ಇದ್ದರು. ಅದು ಹೆಸರುಗಳ ಮೆರವಣಿಗೆ. ಫೈನಲ್‌ನಲ್ಲಿ ಡೆಟ್ರಾಯ್ಟ್ ಪಿಸ್ಟನ್ಸ್ ಅವರನ್ನು 4–1ರಲ್ಲಿ ಮಗುಚಿ ಹಾಕಿತು. ಪಿಸ್ಟನ್ಸ್‌ನ ಬೆನ್ನೆಲುಬಾಗಿದ್ದ ಬೆನ್ ವಾಲೇಸ್‌ನನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿಯೇ ಇರಲಿಲ್ಲ.

ಅಮೆರಿಕ ದೂರವಾಯಿತು ಎನ್ನುವವರು ಕಬಡ್ಡಿಗೆ ಬನ್ನಿ. 2021ರ ಹರಾಜಿನಲ್ಲಿ ಪ್ರದೀಪ್ ನರ್ವಾಲ್‌ಗೆ ಯುಪಿ ಯೋಧಾ 1.65 ಕೋಟಿ ಕೊಟ್ಟಿತು. ಅದುವರೆಗೆ ಪ್ರೊ ಕಬಡ್ಡಿಯಲ್ಲಿ ಅಷ್ಟು ದೊಡ್ಡ ಮೊತ್ತ ಯಾರಿಗೂ ಸಿಕ್ಕಿರಲಿಲ್ಲ. ಸೆಮಿಫೈನಲ್‌ನಲ್ಲಿ ಅವರನ್ನು ಸೋಲಿಸಿದ್ದು ಯಾರು? ಪ್ರದೀಪ್‌ನ ಹಳೆಯ ತಂಡ ಪಟ್ನಾ ಪೈರೇಟ್ಸ್. ಪ್ರದೀಪ್ ಇಲ್ಲದೆ ಫೈನಲ್‌ವರೆಗೆ ಹೋಗಿ, ದಬಾಂಗ್ ಡೆಲ್ಲಿಗೆ ಒಂದೇ ಒಂದು ಅಂಕದಿಂದ ಸೋತರು. ಐಪಿಎಲ್‌ನ ಮೊದಲ ವರ್ಷ 2008ರಲ್ಲಿ ಎಲ್ಲಕ್ಕಿಂತ ಅಗ್ಗದ ಫ್ರಾಂಚೈಸಿ ರಾಜಸ್ಥಾನ ರಾಯಲ್ಸ್ ಕಪ್ ಎತ್ತಿದ್ದು, ಬೆಂಗಳೂರಿನವರು ಎಂಟರಲ್ಲಿ ಏಳನೆಯವರಾದದ್ದು ನಿಮಗೆ ನಾನು ನೆನಪಿಸಬೇಕಾಗಿಲ್ಲ.

ಒಂದು ಪ್ರಶ್ನೆಯನ್ನು ನಮ್ಮ ಕಮಿಟಿಗಳು ಕೇಳಿಕೊಳ್ಳುವುದೇ ಇಲ್ಲ. ಈ ಒಂದು ರೂಪಾಯಿಯ ರತ್ನಗಳು ಎಲ್ಲಿಂದ ಬರುತ್ತವೆ? ಜಿನೊಬಿಲಿ 57ನೆಯವನಾಗಿ ಸಿಕ್ಕಿದ, ಸರಿ. ನಿಕೋಲಾ ಜೋಕಿಚ್ 2014ರಲ್ಲಿ 41ನೆಯವನಾಗಿ ಸಿಕ್ಕಿದ, ಆಮೇಲೆ ಮೂರು ಸಲ ಶ್ರೇಷ್ಠ ಆಟಗಾರನಾದ. ಆದರೆ ಸಿಗುವುದಕ್ಕೆ ಮುಂಚೆ ಅವರ ಊರಿನಲ್ಲಿ ಒಂದು ಅಂಗಳ ಇತ್ತು, ಒಂದು ರಿಂಗ್ ಇತ್ತು, ಸಂಜೆ ಬಂದು ಕಲಿಸುವ ಒಬ್ಬ ಮನುಷ್ಯ ಇದ್ದ. ಹರಾಜು ಆಟಗಾರನನ್ನು ಒಂದು ತಂಡದಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಹೊಸ ಆಟಗಾರನನ್ನು ಹುಟ್ಟಿಸುವುದಿಲ್ಲ. ಹತ್ತು ವರ್ಷ ಹರಾಜು ನಡೆಸಿದ ಮೇಲೂ ನಮ್ಮ ಐಕಾನ್‌ಗಳು ಹೊರಗಿನಿಂದಲೇ ಬರುತ್ತಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮುಂಬೈಯ ನಾಗ್ಪಾಡ ನಮ್ಮ ಹಿರಿಯರಿಗೆ ಗೊತ್ತು. ಹೋಟೆಲ್ ಕೆಲಸಕ್ಕೆಂದು ಹೋದ ನಮ್ಮವರೆಷ್ಟೋ ಜನ ಆ ಬೀದಿಗಳಲ್ಲಿ ನಡೆದಿದ್ದಾರೆ. ಮುಸ್ಲಿಮರು ದಟ್ಟವಾಗಿರುವ, ಕಾಲಿಡಲು ಜಾಗವಿಲ್ಲದ ಮೊಹಲ್ಲಾ. ಅಲ್ಲಿ ಅಮೆರಿಕದ ಮಿಷನರಿಗಳು ನಡೆಸುತ್ತಿದ್ದ ನಾಗ್ಪಾಡ ನೈಬರ್‌ಹುಡ್ ಹೌಸ್‌ನಲ್ಲಿ ಬಾಸ್ಕೆಟ್‌ಬಾಲ್ ಬೇರು ಬಿಟ್ಟಿತು. ಬಚ್ಚು ಖಾನ್ ಎಂಬ ಕೋಚ್ ಆ ಗಲ್ಲಿಯ ಹುಡುಗರನ್ನು ಹಿಡಿದು ಕಲಿಸಿದರು. ಇವತ್ತು ಅಲ್ಲಿನ ಮೈದಾನಕ್ಕೆ ಅವರದೇ ಹೆಸರು. ಆ ಗಲ್ಲಿಯಿಂದ ಎದ್ದು ಬಂದವರು ಅಬ್ಬಾಸ್ ಮುಂತಸಿರ್, ಭಾರತ ತಂಡದ ನಾಯಕ, 1970ರ ಅರ್ಜುನ ಪ್ರಶಸ್ತಿ ಪಡೆದವರು. ಅವರನ್ನು ಯಾರೂ ಹರಾಜಿನಲ್ಲಿ ಕೊಂಡು ತಂದದ್ದಲ್ಲ. ಭಾರತದ ಸಾರ್ವಕಾಲಿಕ ಐವರನ್ನು 15 ರೂಪಾಯಿಗೆ ಕಟ್ಟು ಎಂದರೆ ಮೊದಲ ಹೆಸರು ಅವರದೇ ಬರೆಯುತ್ತೇನೆ.

ಈಗ ಹಿಂದೂಪುರದ ಮಾತು. ನಾನು ಖರೀದಿ ಮಾಡುವ ಗೋದಾಮಿನ ಹಿಂದೆ ಹುಣಸೆ ಒಣಗಿಸುವ ಒಂದು ಸಿಮೆಂಟ್ ಕಣ ಇದೆ. ಬೇಸಿಗೆಯ ಸೀಸನ್ ಮುಗಿದರೆ ಅದು ಖಾಲಿ. ಬಾಸ್ಕೆಟ್‌ಬಾಲ್ ಅಂಗಳದ ಪೂರ್ತಿ ಅಳತೆ 28 ಮೀಟರ್ ಉದ್ದ, 15 ಮೀಟರ್ ಅಗಲ. ನಮ್ಮಲ್ಲಿ ಅದರ ಅರ್ಧಕ್ಕಷ್ಟೇ ಜಾಗ. ಒಂದು ರಿಂಗ್ ಸಾಕು ಎಂದುಕೊಂಡೆವು. ವೆಲ್ಡಿಂಗ್ ಅಂಗಡಿಯವನಿಗೆ ಪೈಪು ಕೊಟ್ಟು ಕಂಬ ಮಾಡಿಸಿದೆವು, ಪ್ಲೈವುಡ್ ಹಲಗೆಗೆ ಬಿಳಿ ಬಣ್ಣ ಬಳಿದೆವು, ನೆಲದಿಂದ 3.05 ಮೀಟರ್ ಎತ್ತರಕ್ಕೆ ರಿಂಗ್ ಬಿಗಿದೆವು. ಆ ಎತ್ತರ ಜಗತ್ತಿನಲ್ಲೆಲ್ಲ ಒಂದೇ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ವ್ಯಾಯಾಮಶಾಲೆಯ ಬಾಲ್ಕನಿಗೆ ಎರಡು ಹಣ್ಣಿನ ಬುಟ್ಟಿ ಹೊಡೆದಾಗ ಆ ಬಾಲ್ಕನಿ ಹತ್ತು ಅಡಿ ಎತ್ತರ ಇತ್ತು, ಅಷ್ಟೇ. ಹಣ್ಣಿನ ಬುಟ್ಟಿಯಿಂದ ಹುಟ್ಟಿದ ಆಟಕ್ಕೆ ಹುಣಸೆ ಕಣ ಏನು ಕಡಿಮೆ?

ಸಂಜೆ ಹತ್ತು ಹನ್ನೆರಡು ಮಕ್ಕಳು ಬರುತ್ತಾರೆ. ತೆಲುಗಿನವರು, ಕನ್ನಡದವರು, ಮನೆಯಲ್ಲಿ ದಖನಿ ಮಾತಾಡುವವರು. ಅವರಲ್ಲಿ ಒಬ್ಬ ತುಂಬ ಎತ್ತರ. ಉಳಿದವರೆಲ್ಲ ಚೆಂಡು ಸಿಕ್ಕ ಕೂಡಲೇ ಅವನಿಗೇ ಎಸೆಯುತ್ತಿದ್ದರು, ಅವನೇ ಎಲ್ಲ ಮಾಡಲಿ ಎಂದು. ಕಲ್ಯಾಣದುರ್ಗದ ಕಡೆ ನೆಲಕಡಲೆ ವ್ಯಾಪಾರಕ್ಕೆ ಹೋದಾಗ ಪರಿಚಯವಾದ ವ್ಯಾಯಾಮದ ಮೇಷ್ಟ್ರೊಬ್ಬರು ತಮ್ಮ ಹುಡುಗರನ್ನು ಒಂದು ಭಾನುವಾರ ಹಿಂದೂಪುರಕ್ಕೆ ಕರೆತಂದರು. ಐವರೂ ಒಂದೇ ಅಳತೆ, ನಮ್ಮ ಎತ್ತರದವನ ಭುಜಕ್ಕೆ ಬರುವವರು. ಒಬ್ಬನ ಕಾಲಲ್ಲಿ ಶೂ ಕೂಡ ಸರಿ ಇರಲಿಲ್ಲ. ಆಟ ಶುರುವಾದ ಐದು ನಿಮಿಷಕ್ಕೆ ಅವರು ಮಾಡಿದ್ದು ಇಷ್ಟೇ: ಇಬ್ಬರು ನಮ್ಮ ಎತ್ತರದವನಿಗೆ ಅಂಟಿಕೊಂಡರು. ಉಳಿದ ಮೂವರು ನಮ್ಮ ನಾಲ್ವರನ್ನು ನೋಡಿಕೊಂಡರು. ನಮ್ಮ ನಾಲ್ವರಿಗೆ ಚೆಂಡು ಸಿಕ್ಕರೆ ಏನು ಮಾಡಬೇಕೆಂದೇ ಗೊತ್ತಿರಲಿಲ್ಲ. ಅವರಿಗೆ ಯಾರೂ ಯಾವತ್ತೂ ಚೆಂಡು ಕೊಟ್ಟಿರಲಿಲ್ಲವಲ್ಲ. ಕಲ್ಯಾಣದುರ್ಗದವರು ನಮ್ಮನ್ನು ಸುಲಭವಾಗಿ ಸೋಲಿಸಿ, ಬಿರಿಯಾನಿ ಉಂಡು, ಸಂಜೆ ಬಸ್ಸಿಗೆ ಹೋದರು.

ಹೋಗುವಾಗ ಆ ಮೇಷ್ಟ್ರು ತೆಲುಗಿನಲ್ಲಿ ಹೇಳಿದ್ದರ ಸಾರ ಇದು: ನಿಮ್ಮ ಹುಡುಗ ಒಳ್ಳೆಯವನು, ಆದರೆ ನಿಮ್ಮ ಐದನೆಯ ಹುಡುಗನಿಗೆ ಹೆಚ್ಚು ಕಲಿಸಿ. ಅಂದಿನಿಂದ ನಮ್ಮ ಕಣದಲ್ಲಿ ಒಂದು ನಿಯಮ ಬಂತು. ಐವರ ಕೈಗೂ ಚೆಂಡು ಹೋಗದೆ ಯಾರೂ ರಿಂಗ್‌ಗೆ ಎಸೆಯುವ ಹಾಗಿಲ್ಲ. ಮೂರು ತಿಂಗಳಲ್ಲಿ ಆಟವೇ ಬೇರೆಯಾಯಿತು.

ಈ ಬರದ ಸೀಮೆಯಲ್ಲಿ ಇದು ಹೊಸ ಮಾತೂ ಅಲ್ಲ. 1969ರಲ್ಲಿ ವಿಸೆಂಟ್ ಫೆರರ್ ಅನಂತಪುರದಲ್ಲಿ ಶುರು ಮಾಡಿದ ಗ್ರಾಮೀಣಾಭಿವೃದ್ಧಿ ಟ್ರಸ್ಟ್, ಇಲ್ಲಿಯವರ ಬಾಯಲ್ಲಿ ಆರ್‌ಡಿಟಿ, ಕಲ್ಯಾಣದುರ್ಗದಲ್ಲಿ ಆಸ್ಪತ್ರೆ ನಡೆಸುತ್ತದೆ. ಅನಂತಪುರದಲ್ಲಿ ಆಟದ ಮೈದಾನಗಳನ್ನು ಕಟ್ಟಿದೆ. ರಫೆಲ್ ನಡಾಲ್‌ನ ಟೆನಿಸ್ ಶಾಲೆ 2010ರಲ್ಲಿ ಅಲ್ಲಿಗೆ ಬಂದದ್ದು ಬಡ ಮಕ್ಕಳಿಗೆ ಟೆನಿಸ್‌ನ ಜೊತೆ ಪಾಠವನ್ನೂ ಕಲಿಸಲು. 2024ರಲ್ಲಿ ದುಲೀಪ್ ಟ್ರೋಫಿಯ ಪಂದ್ಯಗಳು ಆರ್‌ಡಿಟಿಯ ಮೈದಾನದಲ್ಲೇ ನಡೆದವು. ಮೊದಲು ನೆಲ, ಆಮೇಲೆ ತಾರೆಗಳು. ನಮ್ಮಲ್ಲಿ ನೋಡಿದರೆ ಮೊದಲು ತಾರೆ, ಆಮೇಲೂ ತಾರೆ, ನೆಲವನ್ನು ಎರಡು ದಿನಕ್ಕೆ ಬಾಡಿಗೆಗೆ ತಂದದ್ದು.

ಬೆಲೆಪಟ್ಟಿಯಲ್ಲಿ ಒಂದು ರೂಪಾಯಿಗೂ ಬರೆಯದ ಹೆಸರುಗಳು ನಮ್ಮ ಮನೆಗಳಲ್ಲಿವೆ, ನಮ್ಮ ಹೆಣ್ಣುಮಕ್ಕಳವು. ಲೀಗ್‌ನ ಕರಪತ್ರ ತೆಗೆದು ನೋಡಿ. ಗಂಡಸರಿಗೆ ಕ್ರಿಕೆಟ್, ಹಗ್ಗಜಗ್ಗಾಟ, ಕಬಡ್ಡಿ. ಮಹಿಳೆಯರಿಗೆ ಪುಡ್ಡಿಂಗ್ ಸ್ಪರ್ಧೆ, ಮೆಹಂದಿ ಸ್ಪರ್ಧೆ. ಪುಡ್ಡಿಂಗ್ ನನಗೂ ಇಷ್ಟವೇ, ಆದರೆ ಅದು ಕ್ರೀಡಾಕೂಟದ ಪಟ್ಟಿಯಲ್ಲಿ ಏನು ಮಾಡುತ್ತಿದೆ? ಐದನೇ ತರಗತಿಯವರೆಗೆ ಶಾಲೆಯ ಓಟದಲ್ಲಿ ಎಲ್ಲರಿಗಿಂತ ಮುಂದೆ ಇದ್ದ ಹುಡುಗಿ ಎಂಟನೇ ತರಗತಿಗೆ ಬರುವಾಗ ಗ್ಯಾಲರಿಯಲ್ಲಿ ತಮ್ಮನ ನೀರಿನ ಬಾಟಲಿ ಹಿಡಿದು ಕೂತಿರುತ್ತಾಳೆ. ಇಂತಹ ಮಗು ಇಲ್ಲದ ಮನೆ ನಮ್ಮಲ್ಲಿ ಎಷ್ಟಿದೆ ಹೇಳಿ.

ತಲೆವಸ್ತ್ರದ ಮಾತು ಎತ್ತಿ ಬಾಗಿಲು ಹಾಕುವವರಿಗೆ ಒಂದು ಸುದ್ದಿ. ಬಾಸ್ಕೆಟ್‌ಬಾಲ್ ಹುಟ್ಟಿದ ಅದೇ ಸ್ಪ್ರಿಂಗ್‌ಫೀಲ್ಡ್ ಊರಿನ ಹುಡುಗಿ ಬಿಲ್ಕೀಸ್ ಅಬ್ದುಲ್ ಖಾದಿರ್. ತಲೆ ಮುಚ್ಚಿಕೊಂಡೇ ಆಡಿ ಹೈಸ್ಕೂಲಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಂಕ ಗಳಿಸಿ ಮ್ಯಾಸಚೂಸೆಟ್ಸ್ ರಾಜ್ಯದ ದಾಖಲೆ ಮುರಿದಳು. ಕಾಲೇಜು ಮುಗಿಸಿ ವೃತ್ತಿಪರಳಾಗಲು ಹೊರಟಾಗ ಅಂತಾರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮ ಅಡ್ಡ ಬಂತು, ತಲೆಗೆ ಏನೂ ಧರಿಸುವಂತಿಲ್ಲ ಎಂದು. ಅವಳು ಮತ್ತು ಅವಳಂಥವರು ಹೋರಾಡಿದರು. 2017ರ ಮೇನಲ್ಲಿ ಫಿಬಾ ನಿಯಮ ಬದಲಿಸಿತು, ಅಕ್ಟೋಬರ್‌ನಿಂದ ಜಾರಿಗೆ ಬಂತು. ಅಂತಾರಾಷ್ಟ್ರೀಯ ಅಂಗಳದ ಬಾಗಿಲು ತೆರೆದು ಇಷ್ಟು ವರ್ಷವಾಯಿತು. ನಮ್ಮ ಮಕ್ಕಳ ಮಟ್ಟಿಗೆ ಇನ್ನೂ ಚಿಲಕ ಹಾಕಿಟ್ಟಿರುವವರು ನಾವೇ. ನೆರೆಯ ಕೇರಳದಲ್ಲಿ ಕೊಟ್ಟಾಯಂ ಕಡೆಯ ಗೀತು ಅನ್ನಾ ಜೋಸ್ ವಾಲಿಬಾಲ್‌ನಿಂದ ಬಾಸ್ಕೆಟ್‌ಬಾಲ್‌ಗೆ ಬಂದು, ರೈಲ್ವೆಯಲ್ಲಿ ಕೆಲಸ ಪಡೆದು, ಆಸ್ಟ್ರೇಲಿಯಾದ ಕ್ಲಬ್‌ಗೆ ಆಡಿ, 2011ರಲ್ಲಿ ಅಮೆರಿಕದ ಮಹಿಳಾ ಲೀಗ್‌ನ ಆಯ್ಕೆ ಪರೀಕ್ಷೆಯವರೆಗೆ ಹೋದರು. ಬೆಂಗಳೂರಿನಲ್ಲಿ 2017ರಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ ಭಾರತದ ಹುಡುಗಿಯರು ಬಿ ವಿಭಾಗ ಗೆದ್ದರು. ಆಟದಿಂದ ಕೆಲಸ ಸಿಗುತ್ತದೆ, ಕಾಲೇಜಿನಲ್ಲಿ ಸೀಟು ಸಿಗುತ್ತದೆ. ಮಗಳ ಓದಿಗೆ ಸಾಲ ಮಾಡುವ ಅಪ್ಪಂದಿರಿಗೆ ಇದನ್ನು ಬಿಡಿಸಿ ಹೇಳಬೇಕೆ?

ನನ್ನ ಮಗಳಿಗೆ ಹದಿಮೂರು. ಹುಣಸೆ ಕಣದಲ್ಲಿ ಅವಳೂ, ಅವಳ ಇಬ್ಬರು ಗೆಳತಿಯರೂ ಆಡುತ್ತಾರೆ. ಅವರಿಗೆ ಬೇರೆ ಹೊತ್ತು, ಬೇರೆ ಚೆಂಡು. ಹೆಂಗಸರ ಚೆಂಡು ಆರನೇ ಸೈಜು, ಗಂಡಸರದ್ದು ಏಳು, ಎರಡೂ ಒಂದೇ ರಿಂಗ್‌ಗೆ ಬೀಳುತ್ತವೆ. ರಜೆಗೆ ಊರಿಗೆ ಹೋದಾಗ ಒಬ್ಬ ಹಿರಿಯರು, "ಆಂಧ್ರದಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ, ಇಲ್ಲಿ ಬೇಡ" ಎಂದರು. ಅವರೇ ಆ ಸಂಜೆ ಒಂದು ತಂಡದ ಮಾಲಕರಾಗಿ ಹಾರ ಹಾಕಿಸಿಕೊಂಡರು. ಮಗಳು ಏನೂ ಹೇಳಲಿಲ್ಲ. ಚೆಂಡನ್ನು ಕಾರಿನ ಡಿಕ್ಕಿಯಿಂದ ಹೊರಗೇ ತೆಗೆಯಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ನನ್ನ ಮಾತಿಗೆ ಉತ್ತರ ಏನು ಬರುತ್ತದೆ ಎಂದು ಗೊತ್ತು. ಹಣ ದಾನಿಗಳದ್ದು, ನಿಮಗೇನು ತೊಂದರೆ ಎನ್ನುತ್ತಾರೆ. ದಾನಿಗಳು ಕೊಡುವುದು ಸಮುದಾಯದ ಹೆಸರಿಗೆ. ಸಮುದಾಯದವನು ಲೆಕ್ಕ ಕೇಳಬಾರದೆ? ಹರಾಜು ಇದ್ದರೆ ಜನ ಸೇರುತ್ತಾರೆ, ಯುವಕರು ಕೆಟ್ಟ ಚಟಕ್ಕೆ ಬೀಳದೆ ಒಟ್ಟಾಗುತ್ತಾರೆ ಎನ್ನುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ. ಊರು ಒಂದು ಕಡೆ ಸೇರುವುದು ಸಣ್ಣ ವಿಷಯವಲ್ಲ, ಆ ರಾತ್ರಿಗಳಲ್ಲಿ ಮುನಿಸು ಮರೆತು ಕೈ ಕುಲುಕಿದವರನ್ನು ನಾನೂ ಕಂಡಿದ್ದೇನೆ. ಆದರೆ ಎರಡು ರಾತ್ರಿ ಸೇರಿದ ಯುವಕರು ಉಳಿದ ಮುನ್ನೂರ ಅರವತ್ತಮೂರು ಸಂಜೆ ಎಲ್ಲಿರುತ್ತಾರೆ? ರಿಂಗ್ ಇರುವ ಅಂಗಳ ದಿನವೂ ಸೇರಿಸುತ್ತದೆ. ಮಳೆಯ ಮಾತೂ ಬರುತ್ತದೆ, ಕರಾವಳಿಯಲ್ಲಿ ನಾಲ್ಕು ತಿಂಗಳು ಹೊರಗೆ ಆಡಲಾಗುವುದಿಲ್ಲ ಎಂದು. ಹೌದು. ಕ್ರಿಕೆಟ್ಟೂ ಆಗುವುದಿಲ್ಲವಲ್ಲ. ಅರ್ಧ ಅಂಗಳಕ್ಕೆ ತಗಡಿನ ಮಾಡು ಹಾಕಬಹುದು, ಕ್ರಿಕೆಟ್ ಮೈದಾನಕ್ಕೆ ಹಾಕಲು ಬರುವುದಿಲ್ಲ.

ಅಮೆರಿಕದ ಲೀಗ್‌ನಲ್ಲಿ ಸಂಬಳದ ಮಿತಿ ಬಂದದ್ದು 1984–85ರಲ್ಲಿ, ತಂಡಕ್ಕೆ 36 ಲಕ್ಷ ಡಾಲರ್. ಹಣವಂತ ತಂಡವೇ ಎಲ್ಲರನ್ನೂ ಕೊಂಡುಬಿಟ್ಟರೆ ಆಟ ಸತ್ತುಹೋಗುತ್ತದೆ ಎಂದು ಕೋಟ್ಯಧೀಶ ಮಾಲಕರೇ ತಮ್ಮ ಕೈ ಕಟ್ಟಿಕೊಂಡರು. ನಮ್ಮ ಮಾಲಕರೂ ಕಟ್ಟಿಕೊಳ್ಳಲಿ. ಐಕಾನ್ ಆಟಗಾರ ಬೇಡ. ತಂಡಗಳನ್ನು ಚೀಟಿ ಎತ್ತಿ ಹಂಚಲಿ. ಪ್ರತಿ ತಂಡದಲ್ಲಿ ಹದಿನಾರರ ಒಳಗಿನ ಇಬ್ಬರು ಕಡ್ಡಾಯವಾಗಿ ಆಡಲಿ, ಬೌಂಡರಿಯಲ್ಲಿ ನಿಲ್ಲುವುದಲ್ಲ, ಬ್ಯಾಟು ಬಾಲು ಹಿಡಿಯಲಿ. ಒಟ್ಟು ಹಣ 15 ರೂಪಾಯಿ ಎಂದಿಟ್ಟುಕೊಂಡರೆ ಅದರಲ್ಲಿ 5 ರೂಪಾಯಿ ಹರಾಜಿನ ಬದಲು ಒಂದು ಅಂಗಳಕ್ಕೆ ಹೋಗಲಿ, ಆ ಅಂಗಳದ ಸಂಜೆಯ ಮೊದಲ ಒಂದು ಗಂಟೆ ಹುಡುಗಿಯರಿಗೆ ಇರಲಿ. ಕಲಿಸಲು ಹೆಣ್ಣು ಕೋಚ್ ಬೇಕೆಂದರೆ ಮಂಗಳೂರಿನ ಕಾಲೇಜುಗಳಲ್ಲಿ ಆಡಿದ ಹುಡುಗಿಯರಿದ್ದಾರೆ, ಸಂಬಳ ಕೊಟ್ಟರೆ ಬರುತ್ತಾರೆ. ಐಕಾನ್‌ಗೆ ಕೊಡುವುದಕ್ಕಿಂತ ಕಡಿಮೆಯೇ ಕೇಳುತ್ತಾರೆ.

ಮುಂದಿನ ಸೀಸನ್‌ಗೆ ನನ್ನ ಅಂಗಡಿಯ ಹೆಸರಿನಲ್ಲಿ ಪ್ರಾಯೋಜಕತ್ವ ಕೇಳಿ ಈಗಾಗಲೇ ಫೋನ್ ಬಂದಿದೆ. ಫ್ಲೆಕ್ಸ್‌ನಲ್ಲಿ ನನ್ನ ಫೋಟೋ ಬೇಡ, ಜೆರ್ಸಿಯ ಬೆನ್ನಿಗೆ ಅಂಗಡಿಯ ಹೆಸರೂ ಬೇಡ ಎಂದಿದ್ದೇನೆ. ಜಾಗ ತೋರಿಸಿದರೆ ಎರಡು ಕಂಬ, ಎರಡು ಹಲಗೆ, ಎರಡು ರಿಂಗ್ ನನ್ನ ಲೆಕ್ಕದಲ್ಲಿ. ಕಂಬವನ್ನು ಗೆರೆಯಿಂದ ಎರಡು ಮೀಟರ್ ಹೊರಗೆ ನೆಡಬೇಕು, ಹಲಗೆ ಮಾತ್ರ ಗೆರೆಯಿಂದ 1.2 ಮೀಟರ್ ಒಳಗೆ ಚಾಚಿರಬೇಕು, ಇಲ್ಲದಿದ್ದರೆ ಓಡಿ ಬಂದ ಮಕ್ಕಳು ಕಬ್ಬಿಣಕ್ಕೆ ಬಡಿದುಕೊಳ್ಳುತ್ತಾರೆ. ಹಿಂದೂಪುರದ ವೆಲ್ಡಿಂಗ್‌ನವನಿಗೆ ಅಳತೆ ಬಾಯಿಪಾಠ. ಲಾರಿ ಹೇಗೂ ವಾರಕ್ಕೊಮ್ಮೆ ಬಂದರಿಗೆ ಬರುತ್ತದೆ, ಹುಣಸೆಯ ಗೋಣಿಗಳ ಮೇಲೆ ಕಟ್ಟಿ ಕಳಿಸುತ್ತೇನೆ. ಕಮಿಟಿಯವರು ಜಾಗ ಹೇಳಲಿ.